ಮಗ್ಗದ ಸದ್ದಿಗೆ ಯಾವ ಪುಟ್ಟ ಲಿನಕ್ಸ್ ಲ್ಯಾಪ್‌ಟಾಪ್?

ಪ್ರಶ್ನೆ (ದೊಡ್ಡಬಳ್ಳಾಪುರದಿಂದ):
ನಮ್ಮ ಮನೆಯ ಹಿಂಬದಿಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಲಾಳಿ ಬಡಿಯುವ ಸದ್ದನ್ನು ಎರಡು ವರ್ಷಗಳಿಂದ ಧ್ವನಿಮುದ್ರಿಸುತ್ತಿದ್ದೇನೆ. ಪ್ಯೂರ್ ಡೇಟಾ ಎಂಬ ಧ್ವನಿ ತಂತ್ರಾಂಶದಲ್ಲಿ ಅದನ್ನು ಚೂರು ಮಾಡಿ, ಎಳೆದು, ಹಿಂದುಮುಂದಾಗಿಸಿ ಮತ್ತೆ ಹೆಣೆಯುತ್ತೇನೆ. ಇಷ್ಟು ದಿನ ಅಣ್ಣನ ಲ್ಯಾಪ್‌ಟಾಪ್ ಇತ್ತು; ಅವನು ಕೆಲಸಕ್ಕೆಂದು ಊರು ಬಿಟ್ಟಾಗ ಅದೂ ಹೋಯಿತು. ನನಗೆ ಹೆಗಲ ಚೀಲದಲ್ಲಿ ಹಿಡಿಯುವ, ಲಿನಕ್ಸ್ ಕಾರ್ಯವ್ಯವಸ್ಥೆ ನಡೆಯುವಂಥದ್ದು ಬೇಕು. ಮೈಕಿನ ಸದ್ದನ್ನು ಅಲ್ಲೇ ಬದಲಿಸಿ ಜನರೆದುರು ನುಡಿಸಬೇಕು. ಕೈಯಲ್ಲಿರುವುದು 20,000 ರೂಪಾಯಿ. ಅಂಗಡಿಯವರು ಎಂಟು ಕೋರಿನದನ್ನೇ (ಕೋರ್ ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಕೊಳ್ಳಿ ಎನ್ನುತ್ತಾರೆ. ಅದು ಸರಿಯೇ?

ಉತ್ತರ 1 (ಮೈಸೂರಿನಿಂದ):
ಕೋರ್‌ಗಳ ಎಣಿಕೆಗೆ ಮರುಳಾಗಬೇಡಿ. ಪ್ಯೂರ್ ಡೇಟಾ ತನ್ನ ಧ್ವನಿ ಲೆಕ್ಕವನ್ನೆಲ್ಲ ಒಂದೇ ಕೋರಿನಲ್ಲಿ ಮಾಡುತ್ತದೆ. ಅದರೊಳಗಿನ 'ಪಿಡಿ~' ಎಂಬ ತುಣುಕನ್ನು ಬಳಸಿ ಒಂದು ಭಾಗವನ್ನು ಬೇರೆ ಕೋರಿಗೆ ಕಳುಹಿಸಬಹುದು, ಆದರೆ ಆ ಹಂಚಿಕೆಯನ್ನು ನೀವೇ ಮಾಡಬೇಕು. ಹಾಗಾಗಿ ಒಂದು ಕೋರಿನ ವೇಗವನ್ನೇ ನೋಡಿ.

ನಾನು ಥಿಂಕ್‌ಪ್ಯಾಡ್ ಎಕ್ಸ್230 ಬಳಸುತ್ತೇನೆ. 2012ರ ಮಾದರಿ, 12.5 ಇಂಚಿನ ಪರದೆ. ಎರಡು ಸ್ಲಾಟ್‌ಗಳಲ್ಲಿ 16 ಜಿಬಿವರೆಗೆ ಮೆಮೊರಿ ಹಾಕಬಹುದು, ಬ್ಯಾಟರಿಯನ್ನು ಕೈಯಿಂದಲೇ ಕಳಚಬಹುದು. ಇನ್ನೂ ಹೊಸದು ಬೇಕೆಂದರೆ ಎಕ್ಸ್270 ನೋಡಿ. ಎಕ್ಸ್280ರಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲಾಗದು, ನನಗದು ಹಿಡಿಸಲಿಲ್ಲ.

ಸದ್ದು ಹೊರಬರಲು ಆಗುವ ವಿಳಂಬದ ಲೆಕ್ಕ ಸರಳ. ಸೆಕೆಂಡಿಗೆ ಸದ್ದಿನ 48,000 ಮಾದರಿಗಳು (ಸ್ಯಾಂಪಲ್), ಬಫರ್ (ಒಮ್ಮೆಗೆ ಕೂಡಿಟ್ಟು ಕಳಿಸುವ ಮಾದರಿಗಳ ಗುಂಪು) 128, ಅಂಥವು ಮೂರು: ಒಟ್ಟು 8 ಮಿಲಿಸೆಕೆಂಡ್. ಲಾಳಿಯ ಪೆಟ್ಟಿಗೆ ಕೈ ಹೊಂದಿಸಲು ಇಷ್ಟು ಸಾಕು. ನಡುನಡುವೆ ಚಟಚಟ ಕೇಳಿಸಿದರೆ ವೈಫೈ ಆರಿಸಿ, ಪ್ರೊಸೆಸರ್ ವೇಗ ಇಳಿಯದಂತೆ 'ಪರ್ಫಾರ್ಮೆನ್ಸ್'ನಲ್ಲಿಡಿ, ನಿಮ್ಮ ಖಾತೆಯನ್ನು 'ಆಡಿಯೋ' ಗುಂಪಿಗೆ ಸೇರಿಸಿ. ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿಸುವ ರಿಯಲ್‌ಟೈಮ್ ಕರ್ನೆಲ್ (ಕರ್ನೆಲ್ ಎಂದರೆ ಲಿನಕ್ಸಿನ ತಿರುಳು) ಹುಡುಕಿಕೊಂಡು ಹೋಗುವ ಮೊದಲು ಇವಿಷ್ಟನ್ನು ಮಾಡಿ ನೋಡಿ. 2024ರಲ್ಲಿ ಬಂದ ಲಿನಕ್ಸ್ 6.12ರಿಂದ ಆ ಸೌಲಭ್ಯ ಮೂಲ ಕರ್ನೆಲ್ಲಿನೊಳಗೇ ಇದೆ, ಆದರೆ ಅದನ್ನು ಸಕ್ರಿಯಗೊಳಿಸಿ ಕಟ್ಟಿದ ಆವೃತ್ತಿಯನ್ನು ಆರಿಸಿಕೊಳ್ಳಬೇಕು.

ಉತ್ತರ 2 (ಧಾರವಾಡದಿಂದ):
ಬ್ಯಾಟರಿಯ ಮಾತು ಬಂತಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಾರ್ಜರ್ ಚುಚ್ಚಿದ ಕೂಡಲೇ ಸ್ಪೀಕರಿನಲ್ಲಿ 'ಹೂಂ' ಎಂದು ಗುಂಯ್‌ಗುಟ್ಟುವ ಸದ್ದು ಎದ್ದು ಒಂದು ಕಾರ್ಯಕ್ರಮವನ್ನೇ ಕಳೆದುಕೊಂಡಿದ್ದೇನೆ. ಚಾರ್ಜರ್ ಕಿತ್ತಾಗ ಅದು ನಿಂತಿತು. ಒಂದು ಗಂಟೆಯಾದರೂ ಬ್ಯಾಟರಿಯ ಮೇಲೆ ನಡೆಯುವಂಥದ್ದನ್ನೇ ಕೊಳ್ಳಿ. ಕೊಳ್ಳುವ ಮೊದಲು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಒಯ್ದು, ಅಂಗಡಿಯಲ್ಲೇ ಅದರಿಂದ ಚಾಲೂ ಮಾಡಿ ನೋಡಿ. ಬೇಡವೆನ್ನುವ ಅಂಗಡಿಯಿಂದ ಎದ್ದು ಬನ್ನಿ.

ಪ್ರಶ್ನೆ ಕೇಳಿದವರು:
ಶನಿವಾರ ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದೆ. ಮೂರನೆಯ ಅಂಗಡಿಯವರು ಪೆನ್‌ಡ್ರೈವ್ ಚುಚ್ಚಲು ಬಿಟ್ಟರು. 14,000 ರೂಪಾಯಿಗೆ ಎಕ್ಸ್230 ಸಿಕ್ಕಿತು, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಡಿಸ್ಕ್ ಅದರಲ್ಲೇ ಇತ್ತು. ಮಗ್ಗಗಳ ಅದುರಾಟಕ್ಕೆ ನೆಲವೇ ನಡುಗುವ ನಮ್ಮ ಮನೆಯಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇಡಲು ಧೈರ್ಯವಿರಲಿಲ್ಲ. ಹಳೆಯ ಬ್ಯಾಟರಿ ನಲವತ್ತು ನಿಮಿಷ ನಿಲ್ಲುತ್ತದೆ. ಉಳಿದ ದುಡ್ಡಿಗೆ ಹೊಸದನ್ನು ಹಾಕಿಸುತ್ತೇನೆ. ನಿನ್ನೆ ರಾತ್ರಿ ಅಪ್ಪ ಮಗ್ಗ ನಿಲ್ಲಿಸಿದ ಮೇಲೆ ಬಫರ್ 128ಕ್ಕೆ ಇಳಿಸಿ ಒಂದು ಗಂಟೆ ನುಡಿಸಿದೆ. ಚಟಚಟ ಎರಡೇ ಸಲ ಬಂತು, ಎರಡೂ ವೈಫೈ ಆರಿಸುವ ಮೊದಲು.