ಡಾಕ್ಯುಮೆಂಟ್ ಫಾಂಟ್ಸ್ ಫೋಲ್ಡರ್‌ನಲ್ಲಿ ಎಲ್‌ಎಸ್‌ಟಿ ಫೈಲ್: ಅಳಿಸಿದರೂ ಮತ್ತೆ ಬರುತ್ತಿದೆ

ಪುಟಗಾರ:
ಎಲ್ಲರಿಗೂ ನಮಸ್ಕಾರ. ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಒಂದು ಪುಸ್ತಕದ ಕೆಲಸ ನಡೀತಿದೆ, ವಿಂಡೋಸ್ ಕಂಪ್ಯೂಟರ್. ಪ್ಯಾಕೇಜ್ ಮಾಡಿದಾಗ, ಅಂದರೆ ಪುಸ್ತಕದ ಫೈಲು, ಚಿತ್ರ, ಫಾಂಟು ಎಲ್ಲವನ್ನೂ ಒಂದೇ ಕಡೆ ಕಾಪಿ ಮಾಡಿಸಿದಾಗ, 'ಡಾಕ್ಯುಮೆಂಟ್ ಫಾಂಟ್ಸ್' ಅಂತ ಒಂದು ಫೋಲ್ಡರ್ ಬರುತ್ತದಲ್ಲ, ಅದರೊಳಗೆ ನಾನು ಹಾಕದೇ ಇರೋ ಫೈಲೊಂದು ಬಂದು ಕೂತಿದೆ. ಹೆಸರು ಅಡೋಬ್‌ಎಫ್‌ಎನ್‌ಟಿ23, ಎಕ್ಸ್‌ಟೆನ್ಷನ್ ಎಲ್‌ಎಸ್‌ಟಿ. ಅಳಿಸಿದೆ. ಪುಸ್ತಕದ ಫೈಲ್ ತೆರೆದ ಕೂಡಲೇ ಮತ್ತೆ ಹಾಜರ್. ಈ ಫೋಲ್ಡರ್ ನನ್ನ ಜೊತೆ ಕೆಲಸ ಮಾಡುವವರ ಕಂಪ್ಯೂಟರ್‌ಗೂ ಸಿಂಕ್ ಆಗುತ್ತದೆ. ಅವರ ಕಡೆಯಿಂದ 16 ಅಂತ ಇರುವ ಇನ್ನೊಂದು ಬಂದು ಸೇರಿಕೊಂಡಿದೆ. ಇದೇನು ವೈರಸ್ಸಾ? ಹುಟ್ಟದ ಹಾಗೆ ಮಾಡೋಕೆ ಏನಾದರೂ ಸೆಟಿಂಗ್ ಇದೆಯಾ? ಪ್ರಿಫರೆನ್ಸಸ್ ಪೂರ್ತಿ ಜಾಲಾಡಿದೆ, ಸಿಗಲಿಲ್ಲ.

ನೀಲಿಗೆರೆ:
ಒಂದು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ ನೋಡಿ. ನನಗೆ ಎಷ್ಟೋ ತೊಂದರೆ ಅದರಲ್ಲೇ ಹೋಗಿದೆ.

ಹಳೇಮೊಳೆ:
ಬೇಡ ಮಾರಾಯ್ರೆ, ಸುಮ್ನೆ ಅರ್ಧ ದಿನ ಹಾಳು. ಮತ್ತೆ ಹಾಕಿ ಮೊದಲ ಸಲ ಫೈಲ್ ತೆರೆದಾಗಲೇ ಅದು ವಾಪಸ್ ಬರುತ್ತದೆ.

ಪುಟಗಾರರೇ, ಅದು ವೈರಸ್ ಅಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಬರೀ ಅಕ್ಷರಗಳೇ ಇರುತ್ತವೆ. ಒಂದೊಂದು ಫಾಂಟಿಗೂ 'ಬಿಗಿನ್‌ಫಾಂಟ್' ಅಂತ ಶುರುವಾಗಿ 'ಎಂಡ್‌ಫಾಂಟ್' ಅಂತ ಮುಗಿಯುವ ಒಂದು ತುಂಡು. ಮಧ್ಯದಲ್ಲಿ ಫಾಂಟಿನ ಹೆಸರು, ಅದರ ಕುಟುಂಬ, ಬೋಲ್ಡೋ ಇಟ್ಯಾಲಿಕ್ಕೋ, ಯಾವ ಫೈಲಲ್ಲಿದೆ, ಆ ಫೈಲಿನ ಗಾತ್ರ ಎಷ್ಟು, ಕೊನೆಗೆ ಬದಲಾದದ್ದು ಯಾವಾಗ, ಇಷ್ಟೇ. ಇದಕ್ಕೇ ಫಾಂಟ್ ಕ್ಯಾಶ್ ಅನ್ನೋದು. ಪ್ರತಿ ಸಲ ನೂರಾರು ಫಾಂಟ್ ಫೈಲ್ ಬಿಚ್ಚಿ ಒಳಗೇನಿದೆ ಅಂತ ನೋಡುತ್ತಾ ಕೂರುವ ಬದಲು, ಒಂದು ಸಲ ನೋಡಿದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡ ಹಾಗೆ.

ಅದು ನಿಮ್ಮ ಫೋಲ್ಡರಿಗೇ ಯಾಕೆ ಬಂತು ಅಂದರೆ, 2010ರ ಇನ್‌ಡಿಸೈನ್ ಸಿಎಸ್5 ಆವೃತ್ತಿಯಿಂದ ಈಚೆಗೆ ಡಾಕ್ಯುಮೆಂಟ್ ಪಕ್ಕದಲ್ಲಿ ಆ ಹೆಸರಿನ ಫೋಲ್ಡರ್ ಇದ್ದರೆ ಅದರಲ್ಲಿರುವ ಫಾಂಟುಗಳು ಇನ್‌ಸ್ಟಾಲ್ ಮಾಡದೆಯೇ ಆ ಡಾಕ್ಯುಮೆಂಟಿಗೆ ಸಿಗುತ್ತವೆ. ಅದೂ ಒಂದು ಫಾಂಟ್ ಫೋಲ್ಡರ್ ಆಯಿತಲ್ಲ, ಹಾಗಾಗಿ ಅಲ್ಲೂ ಒಂದು ಚೀಟಿ. ಅಂಕಿ ಆವೃತ್ತಿಗೆ ತಕ್ಕಂತೆ ಬೇರೆಯಾಗುತ್ತದೆ. ನಿಮ್ಮವರ ಹತ್ತಿರ ಹಳೇ ಆವೃತ್ತಿ ಇದೆ ಅಂತ ಕಾಣುತ್ತದೆ.

ಅಳಿಸಿದರೆ ಏನೂ ತೊಂದರೆಯಿಲ್ಲ. ಆದರೆ ಮೊದಲು ಇನ್‌ಡಿಸೈನ್, ಫೋಟೋಶಾಪ್, ಇಲಸ್ಟ್ರೇಟರ್ ಎಲ್ಲವನ್ನೂ ಮುಚ್ಚಿ. ಅಳಿಸುವಾಗ ಪಕ್ಕದ ಟಿಟಿಎಫ್, ಓಟಿಎಫ್ ಫೈಲುಗಳ ಮೇಲೆ ಕೈ ತಾಗದ ಹಾಗೆ ನೋಡಿಕೊಳ್ಳಿ, ಅವೇ ಅಸಲಿ ಫಾಂಟು. ಇನ್ನು ಹುಟ್ಟದ ಹಾಗೆ ಮಾಡುವ ಸೆಟಿಂಗ್ ಕೇಳಿದಿರಿ. ಪ್ರಿಫರೆನ್ಸಸ್‌ನಲ್ಲಿ ಅಂಥದ್ದು ಇಲ್ಲ, ಹುಡುಕೋದು ಬಿಡಿ.

ನೀಲಿಗೆರೆ:
ಫೋಲ್ಡರನ್ನು ರೀಡ್ ಓನ್ಲಿ ಮಾಡಿದರೆ?

ಹಳೇಮೊಳೆ:
ವಿಂಡೋಸ್‌ನಲ್ಲಿ ಫೋಲ್ಡರಿಗೆ ಆ ಟಿಕ್ ಹಾಕಿದರೆ ಒಳಗೆ ಹೊಸ ಫೈಲ್ ಬರುವುದು ನಿಲ್ಲೋದಿಲ್ಲ. ಸೆಕ್ಯುರಿಟಿ ಟ್ಯಾಬಿಗೆ ಹೋಗಿ ಬರೆಯುವ ಅನುಮತಿಯನ್ನೇ ಕಿತ್ತುಹಾಕಬೇಕು. ಆಮೇಲೆ ಅದೇ ಜಾಗಕ್ಕೆ ಮತ್ತೆ ಪ್ಯಾಕೇಜ್ ಮಾಡಲು ಹೋದಾಗ ನಮ್ಮ ಕೈಯನ್ನು ನಾವೇ ಕಟ್ಟಿಕೊಂಡ ಹಾಗಾಗುತ್ತದೆ. ಸಿಂಕ್ ಸಾಫ್ಟ್‌ವೇರಿನಲ್ಲಿ ಕೆಲವು ಹೆಸರಿನ ಫೈಲ್ ಬಿಟ್ಟುಬಿಡು ಅಂತ ಹೇಳುವ ಜಾಗ ಇದ್ದರೆ ಅಲ್ಲಿ ಅಡೋಬ್‌ಎಫ್‌ಎನ್‌ಟಿ, ಅದರ ಮುಂದೆ ಒಂದು ನಕ್ಷತ್ರ ಚಿಹ್ನೆ, ಆಮೇಲೆ ಡಾಟ್ ಎಲ್‌ಎಸ್‌ಟಿ ಅಂತ ಹಾಕಿ. ಬರೀ ನಕ್ಷತ್ರ ಡಾಟ್ ಎಲ್‌ಎಸ್‌ಟಿ ಹಾಕಬೇಡಿ. ಬೇರೆ ಸಾಫ್ಟ್‌ವೇರುಗಳೂ ಆ ಎಕ್ಸ್‌ಟೆನ್ಷನ್ ಬಳಸುತ್ತವೆ.

ಪೆಂಗ್ವಿನ್‌ಪ್ರಿಯ:
ಲಿನಕ್ಸ್ ಕಡೆಯಿಂದ ಒಂದು ಮಾತು. ಇಲ್ಲೂ ಈ ಕಾಟ ಇತ್ತು. ಲಿನಕ್ಸ್‌ನಲ್ಲಿ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್‌ನ 2018ರಲ್ಲಿ ಬಂದ 2.13.0 ಆವೃತ್ತಿ ಪ್ರತಿ ಫಾಂಟ್ ಫೋಲ್ಡರಿನಲ್ಲೂ ಡಾಟ್ ಯುಯುಐಡಿ ಅಂತ ಒಂದು ಅಡಗಿದ ಫೈಲ್ ಇಟ್ಟು ಹೋಗುತ್ತಿತ್ತು. ಜನ ಗೊಣಗಿದರು, ಮುಂದಿನ ಆವೃತ್ತಿಗಳಲ್ಲಿ ತೆಗೆದರು. ಈಗ ಕ್ಯಾಶ್ ಎಲ್ಲ ಫಾಂಟ್ ಫೋಲ್ಡರಿನ ಹೊರಗೆ, ಕ್ಯಾಶ್‌ಗೆಂದೇ ಇರುವ ಜಾಗದಲ್ಲಿ ಇರುತ್ತದೆ.

ಪುಟಗಾರ:
ಹಳೇಮೊಳೆ ಸರ್, ತುಂಬಾ ಥ್ಯಾಂಕ್ಸ್. ಸಿಂಕ್‌ನಲ್ಲಿ ಆ ಹೆಸರು ಹಾಕಿದೆ, ನಿಂತಿತು. ಆದರೆ ನಿಜ ಹೇಳಬೇಕೆಂದರೆ ನಾನು ಆ ಫೈಲಿನ ಮೇಲೆ ಅನುಮಾನ ಪಟ್ಟಿದ್ದೇ ಬೇರೆ ಕಾರಣಕ್ಕೆ. ಈ ಪುಸ್ತಕದ ಫಾಂಟಿಗೆ ಹೊಸ ಆವೃತ್ತಿ ಬಂದಿದೆ. ಹಳೆಯದರಲ್ಲಿ 'ಸ್ತ್ರೀ' ಬರೆದರೆ ಕೆಳಗಿನ ಒತ್ತುಗಳು ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು, ಹೊಸದರಲ್ಲಿ ಸರಿ ಮಾಡಿದ್ದಾರೆ. ಹೊಸದನ್ನು ಇನ್‌ಸ್ಟಾಲ್ ಮಾಡಿದೆ. ವರ್ಡ್‌ಪ್ಯಾಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಪುಸ್ತಕದ ಫೈಲಿನಲ್ಲಿ ಮಾತ್ರ ಅದೇ ಹಳೇ ಒತ್ತು. ಕ್ಯಾಶ್ ಹಳೆಯದನ್ನೇ ಹಿಡಿದುಕೊಂಡಿದೆ ಅಂದುಕೊಂಡು ಹತ್ತು ಸಲ ಅಳಿಸಿದ್ದೇನೆ.

ಹಳೇಮೊಳೆ:
ಇದನ್ನು ಮೊದಲೇ ಹೇಳಬಾರದಿತ್ತಾ! ಟೈಪ್ ಮೆನುವಿನಲ್ಲಿ ಫೈಂಡ್ ಫಾಂಟ್ ಇದೆ, ಹೊಸ ಆವೃತ್ತಿಗಳಲ್ಲಿ ಫೈಂಡ್ ರಿಪ್ಲೇಸ್ ಫಾಂಟ್ ಅಂತಿರುತ್ತದೆ. ಅದರಲ್ಲಿ ಆ ಫಾಂಟ್ ಆರಿಸಿ 'ಮೋರ್ ಇನ್ಫೋ' ಒತ್ತಿ. ಫಾಂಟಿನ ಆವೃತ್ತಿ, ಅದು ಯಾವ ಜಾಗದಿಂದ ಬರುತ್ತಿದೆ ಎರಡೂ ಕಾಣುತ್ತವೆ. ಅದನ್ನು ಇಲ್ಲಿ ಹಾಕಿ.

ಪುಟಗಾರ:
ಜಾಗ ಡಾಕ್ಯುಮೆಂಟ್ ಫಾಂಟ್ಸ್ ಫೋಲ್ಡರ್. ಆವೃತ್ತಿ ಹಳೆಯದೇ.

ಹಳೇಮೊಳೆ:
ನೋಡಿದಿರಾ, ಪಾಪ ಕ್ಯಾಶ್‌ದೇನೂ ತಪ್ಪಿಲ್ಲ. ಒಂದೇ ಪೋಸ್ಟ್‌ಸ್ಕ್ರಿಪ್ಟ್ ಹೆಸರಿನ (ಫಾಂಟ್ ಫೈಲಿನೊಳಗೆ ಬರೆದಿರುವ ಗುರುತಿನ ಹೆಸರು) ಫಾಂಟ್ ಎರಡು ಕಡೆ ಇದ್ದರೆ ಡಾಕ್ಯುಮೆಂಟ್ ಪಕ್ಕದ ಫೋಲ್ಡರಿನದ್ದೇ ಗೆಲ್ಲುತ್ತದೆ. ಪ್ಯಾಕೇಜ್ ಮಾಡಿದ ದಿನ ಹಳೇ ಟಿಟಿಎಫ್ ಅಲ್ಲಿಗೆ ಕಾಪಿ ಆಗಿದೆ. ನೀವು ಹೊಸದನ್ನು ಸಿಸ್ಟಮ್‌ಗೆ ಎಷ್ಟು ಸಲ ಹಾಕಿದರೂ ಈ ಪುಸ್ತಕಕ್ಕೆ ಅದು ಕಾಣಲ್ಲ. ಎಲ್ಲ ಮುಚ್ಚಿ, ಆ ಹಳೇ ಟಿಟಿಎಫ್ ಬೇರೆಲ್ಲಾದರೂ ಎತ್ತಿಟ್ಟುಕೊಳ್ಳಿ, ಅದರ ಜಾಗದಲ್ಲಿ ಹೊಸದನ್ನು ಹಾಕಿ, ಎಲ್‌ಎಸ್‌ಟಿ ಅಳಿಸಿ, ಆಮೇಲೆ ತೆರೆಯಿರಿ. ಅಷ್ಟಾದ ಮೇಲೂ ಹಳೆಯದೇ ಬಂದರೆ ಆಗ ವಿಂಡೋಸಿನ ಫಾಂಟ್ ಕ್ಯಾಶ್ ಸರ್ವಿಸ್ ಕಡೆ ನೋಡೋಣ. ಮ್ಯಾಕ್ ಇರುವವರು ಒಮ್ಮೆ ಸೇಫ್ ಮೋಡ್‌ನಲ್ಲಿ ಶುರು ಮಾಡಿದರೆ ಸಿಸ್ಟಮ್ಮಿನ ಫಾಂಟ್ ಕ್ಯಾಶ್ ಖಾಲಿಯಾಗುತ್ತದೆ.

ನಿಮ್ಮ ಜೊತೆಗಾರರಿಗೂ ಫೈಲ್ ಮುಚ್ಚಲು ಹೇಳಿ. ನಾನು ಒಮ್ಮೆ ಹೇಳದೆ ಮಾಡಿ, ಅರ್ಧ ಅಧ್ಯಾಯ ಹಳೇ ಅಳತೆಯಲ್ಲಿ, ಅರ್ಧ ಹೊಸದರಲ್ಲಿ ಆಗಿ ಒದ್ದಾಡಿದ್ದೇನೆ.

ಪುಟಗಾರ:
ಆಯ್ತು ಸರ್! 'ಸ್ತ್ರೀ' ಈಗ ಬಿಡಿಬಿಡಿಯಾಗಿ ನಿಂತಿದೆ. ಎಲ್‌ಎಸ್‌ಟಿ ಮತ್ತೆ ಬಂದಿದೆ, ಇರಲಿ ಬಿಡಿ. ಆದರೆ ಹೊಸ ಫಾಂಟಿನಲ್ಲಿ ಅಕ್ಷರದ ಅಗಲ ಸ್ವಲ್ಪ ಜಾಸ್ತಿ. ಮೂರನೇ ಅಧ್ಯಾಯದ ಕೊನೆ ಎರಡು ಸಾಲು ಮುಂದಿನ ಪುಟಕ್ಕೆ ಜಾರಿವೆ. ಈಗ ಅದನ್ನು ಹಿಂದಕ್ಕೆ ಎಳೆಯುತ್ತಾ ಕೂತಿದ್ದೇನೆ.