ಹಾಂಗ್‌ಕಾಂಗ್ ಮಾತುಕತೆ: ‘ಹಸ್ತಾಂತರ’ ಸರಿಯೆ?

ಪ್ರಶ್ನೆ: ಹಾಂಗ್‌ಕಾಂಗ್ ಭವಿಷ್ಯ ಕುರಿತ 1982–84ರ ಬ್ರಿಟನ್–ಚೀನಾ ಮಾತುಕತೆಯ ಬಗ್ಗೆ ಬರೆಯುವಾಗ ಗುತ್ತಿಗೆ, ಭೋಗ್ಯ, ಹಸ್ತಾಂತರ, ಜಂಟಿ ಹೇಳಿಕೆ ಎಂಬ ಪದಗಳನ್ನು ಮನಬಂದಂತೆ ಬಳಸುತ್ತಾರೆ. ಎಲ್ಲಿ ಯಾವುದು ಸರಿ?

ಉತ್ತರ: ಮೊದಲು ನೆಲದ ಲೆಕ್ಕ. ಹಾಂಗ್‌ಕಾಂಗ್ ದ್ವೀಪವನ್ನು 1842ರಲ್ಲಿ, ಕೌಲೂನ್ ತುದಿಯನ್ನು 1860ರಲ್ಲಿ ಚೀನಾ ಬ್ರಿಟನ್ನಿಗೆ ಶಾಶ್ವತವಾಗಿ ಬರೆದುಕೊಟ್ಟಿತು. ಇವೆರಡಕ್ಕೆ ‘ಬಿಟ್ಟುಕೊಡು’ ಸಾಕು. ಅವಧಿ ಇದ್ದದ್ದು ಕೌಲೂನ್‌ನ ಉತ್ತರದ ನೆಲ ಮತ್ತು ಸುತ್ತಲಿನ ದ್ವೀಪಗಳಾದ ನ್ಯೂ ಟೆರಿಟರೀಸ್‌ಗೆ ಮಾತ್ರ: 1898ರ ಜುಲೈ 1ರಿಂದ 99 ವರ್ಷ. ಇದನ್ನು ಭೋಗ್ಯ ಎನ್ನಬಾರದು. ಭೋಗ್ಯದಲ್ಲಿ ಇಡುಗಂಟು ಇರುತ್ತದೆ, ಅದನ್ನು ಹಿಂದಿರುಗಿಸಿ ಆಸ್ತಿ ಬಿಡಿಸಿಕೊಳ್ಳಬೇಕು. ಇಲ್ಲಿ ಇಡುಗಂಟೂ ಇಲ್ಲ, ಬಾಡಿಗೆಯೂ ಇಲ್ಲ. ‘ಬಾಡಿಗೆಯಿಲ್ಲದ ಗುತ್ತಿಗೆ’ ಎಂದು ಬಿಡಿಸಿ ಬರೆಯುವುದೇ ಮೇಲು.

ಇನ್ನೊಂದು ತೊಡಕಿದೆ. ಹಾಂಗ್‌ಕಾಂಗ್ ಸರ್ಕಾರ ಅದೇ ನೆಲವನ್ನು ಜನರಿಗೆ ಕೊಟ್ಟಿದ್ದ ಪತ್ರಗಳೂ ಗುತ್ತಿಗೆಗಳೇ, ಮೂಲ ಗುತ್ತಿಗೆ ತೀರುವ 1997ರ ಜೂನ್ 30ಕ್ಕಿಂತ ಮೂರು ದಿನ ಮೊದಲೇ, ಜೂನ್ 27ಕ್ಕೆ ಮುಗಿಯುವಂಥವು. ಗವರ್ನರ್ ಮೆಕ್ಲೆಹೋಸ್ 1979ರಲ್ಲಿ ಬೀಜಿಂಗ್‌ನಲ್ಲಿ ಎತ್ತಿದ್ದು ಇವುಗಳ ಮಾತನ್ನು. ಇವಕ್ಕೆ ‘ಒಳಗುತ್ತಿಗೆ’ ಎನ್ನಿ, ಇಲ್ಲದಿದ್ದರೆ ಎರಡು ದಿನಾಂಕಗಳನ್ನು ಕಂಡ ಓದುಗ ಒಂದನ್ನು ಅಚ್ಚಿನ ತಪ್ಪು ಎಂದುಕೊಳ್ಳುತ್ತಾನೆ.

‘ಪ್ರಭುತ್ವ’ವನ್ನು ಈ ಲೇಖನಗಳಿಂದ ದೂರವಿಡಿ. ಪರಮಾಧಿಕಾರ ಚೀನಾದ್ದೇ ಇರಲಿ, ಆಡಳಿತ ನಮ್ಮಲ್ಲೇ ಉಳಿಯಲಿ ಎಂಬುದು ಬ್ರಿಟನ್ನಿನ ಥ್ಯಾಚರ್ ಸರ್ಕಾರ ಹೂಡಿದ ವಾದ. ಎರಡನ್ನೂ ಬೇರ್ಪಡಿಸಲು ಚೀನಾದ ನಾಯಕ ಡೆಂಗ್ ಒಪ್ಪಲಿಲ್ಲ. ‘ಪ್ರಭುತ್ವ’ ಎರಡೂ ಅರ್ಥ ಕೊಡುವುದರಿಂದ ಜಗಳದ ತಿರುಳೇ ಮಾಯವಾಗುತ್ತದೆ.

ಇನ್ನು ಹಸ್ತಾಂತರ. ಮಾತುಕತೆಯ ಕೊನೆಗೆ ಆದ 1984ರ ಒಪ್ಪಂದದ (ಜಂಟಿ ಘೋಷಣೆಯ) ಮೊದಲ ಕಲಮಿನಲ್ಲಿ ಚೀನಾ, ಪರಮಾಧಿಕಾರದ ಚಲಾವಣೆಯನ್ನು ಮತ್ತೆ ಆರಂಭಿಸುತ್ತೇನೆ ಎನ್ನುತ್ತದೆ. ಎರಡನೆಯದರಲ್ಲಿ ಬ್ರಿಟನ್, ಹಾಂಗ್‌ಕಾಂಗನ್ನು ಚೀನಾಕ್ಕೆ ಮರಳಿಸುತ್ತೇನೆ ಎನ್ನುತ್ತದೆ. ಹಳೆಯ ಒಪ್ಪಂದಗಳೇ ಅನ್ಯಾಯದವು, ಪರಮಾಧಿಕಾರ ಎಂದೂ ಕೈತಪ್ಪಿರಲಿಲ್ಲ ಎಂಬುದು ಬೀಜಿಂಗ್‌ನ ನಿಲುವು. 1972ರಲ್ಲಿ ವಿಶ್ವಸಂಸ್ಥೆಯ ವಸಾಹತುಗಳ ಪಟ್ಟಿಯಿಂದ ಹಾಂಗ್‌ಕಾಂಗ್, ಮಕಾವ್ ಹೆಸರು ತೆಗೆಸಿದ್ದೂ ಅದಕ್ಕೇ. ಹಾಗಾಗಿ 1997ರ ಜುಲೈ 1ರ ಸಮಾರಂಭಕ್ಕೆ ‘ಹಸ್ತಾಂತರ’ ಎಂದರೆ ನಡೆಯುತ್ತದೆ. ಒಪ್ಪಂದದ ಅನುವಾದದಲ್ಲಿ ಮಾತ್ರ ಎರಡು ಕ್ರಿಯಾಪದಗಳನ್ನು ಬೇರೆಬೇರೆಯಾಗಿಯೇ ಉಳಿಸಬೇಕು. ‘ಅಧಿಕಾರ ಹಸ್ತಾಂತರ’ ಅಂತೂ ಬೇಡ, ನಮ್ಮವರಿಗೆ ಅದು 1947 ನೆನಪಿಸುತ್ತದೆ. ಇಲ್ಲಿ ಯಾರೂ ಸ್ವತಂತ್ರರಾಗಲಿಲ್ಲ.

‘ಜಂಟಿ ಹೇಳಿಕೆ’ ತಪ್ಪು, ‘ಜಂಟಿ ಘೋಷಣೆ’ ಸರಿ. ಭೇಟಿ ಮುಗಿಸಿದ ನಾಯಕರು ಹೊರಡಿಸುವುದು ಹೇಳಿಕೆ. ಇದಾದರೋ 1985ರಲ್ಲಿ ವಿಶ್ವಸಂಸ್ಥೆಯಲ್ಲಿ ನೋಂದಣಿಯಾದ ಒಪ್ಪಂದ. 2017ರಲ್ಲಿ ಚೀನಾದ ವಿದೇಶಾಂಗ ವಕ್ತಾರರು ಇದೊಂದು ಐತಿಹಾಸಿಕ ದಾಖಲೆ, ಈಗ ವ್ಯಾವಹಾರಿಕ ಮಹತ್ವವಿಲ್ಲ ಎಂದಾಗ ಬ್ರಿಟನ್ ಆಕ್ಷೇಪಿಸಿದ್ದೂ ಈ ನೆಲೆಯಲ್ಲೇ. ‘ಹೇಳಿಕೆ’ ಎಂದು ಬರೆದವರು ಗೊತ್ತಿಲ್ಲದೆಯೇ ಒಂದು ಪಕ್ಷ ಹಿಡಿದಂತಾಗುತ್ತದೆ.

ದಿನಾಂಕಗಳನ್ನೂ ಬೆರೆಸಬೇಡಿ: 1984ರ ಸೆಪ್ಟೆಂಬರ್ 26ರದ್ದು ಕರಡಿಗೆ ಹಾಕಿದ ಕಿರುಸಹಿ, ಡಿಸೆಂಬರ್ 19ರದ್ದು ಸಹಿ. ಜಾರಿಗೆ ಬಂದದ್ದು ಸ್ಥಿರೀಕರಣ ಪತ್ರಗಳ ವಿನಿಮಯವಾದ 1985ರ ಮೇ 27ರಂದು.