ಸಹಾಯ ಬೇಕು: ಆಟಿಸಂ ಇರುವ ಮಗನಿಗೆ ಮೈಸೂರಿನಲ್ಲಿ ಸಂಗೀತ ಚಿಕಿತ್ಸಕರು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಆರು ವರ್ಷ, ಆಟಿಸಂ ಇದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತರಬೇತಿ ನಡೆಯುತ್ತಿದೆ, ಅದನ್ನು ಬಿಡುವುದಿಲ್ಲ. ಮಾತು ಕಡಿಮೆ, ಆದರೆ ಸರಳೆ ವರಸೆಯನ್ನು ಶ್ರುತಿ ತಪ್ಪದೆ ಗುನುಗುತ್ತಾನೆ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವವನು ತಂಬೂರಿಯ ಪಕ್ಕದಿಂದ ಏಳುವುದೇ ಇಲ್ಲ.

ನನಗೆ ಬೇಕಿರುವುದು ಸಂಗೀತ ಪಾಠವಲ್ಲ. ಮಗು ಹೊರಡಿಸುವ ಸ್ವರವನ್ನೋ ತಾಳವನ್ನೋ ಹಿಡಿದು, ತಾವೂ ಅದನ್ನೇ ನುಡಿಸಿ, ಕಾದು, ಅವನ ಪ್ರತಿಕ್ರಿಯೆಯಿಂದ ಮುಂದುವರಿಯುವ ಚಿಕಿತ್ಸಕರು ಬೇಕು. ಅಂಥವರು ಯಾರಾದರೂ ಗೊತ್ತೇ? ಎಲ್ಲಿ ತರಬೇತಿ ಪಡೆದವರು, ಶುಲ್ಕ ಎಷ್ಟು, ತಾಯಿಯನ್ನು ಒಳಗೆ ಕೂರಲು ಬಿಡುತ್ತಾರೆಯೇ ತಿಳಿಸಿ.

ಒಂದು ಕಡೆ ವಿಚಾರಿಸಿದಾಗ, ರಾಗ ಕೇಳಿಸಿಯೇ ಗುಣಪಡಿಸುತ್ತೇವೆ, ವರ್ಷದ ಹಣ ಮುಂಗಡ ಕೊಡಿ ಎಂದರು. ಎದ್ದು ಬಂದೆ. 2017ರಲ್ಲಿ ಪ್ರಕಟವಾದ, ಒಂಬತ್ತು ದೇಶಗಳ 364 ಮಕ್ಕಳ ಅಧ್ಯಯನದಲ್ಲಿ ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಆಟಿಸಂ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ತಿಳಿದೇ ಕೇಳುತ್ತಿದ್ದೇನೆ. ಅವನು ಖುಷಿಯಿಂದ ಇನ್ನೊಬ್ಬರೊಡನೆ ಹತ್ತು ನಿಮಿಷ ಕಳೆದರೆ ನನಗೆ ಅಷ್ಟೇ ಸಾಕು. (ಗುಣವಾದ ಮಕ್ಕಳ ವಿಡಿಯೊಗಳನ್ನು ದಯವಿಟ್ಟು ಕಳುಹಿಸಬೇಡಿ.)

ಇನ್ನೊಂದು ವಿಷಯ. ಆಟಿಸಂನಂಥ ತೊಂದರೆ ಇರುವವರಿಗಾಗಿ ಕೇಂದ್ರ ಸರ್ಕಾರದ ಆರೋಗ್ಯ ವಿಮೆಯಾದ ನಿರಾಮಯದಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಚಿಕಿತ್ಸಾ ತರಬೇತಿಗಳೂ ಅದರಲ್ಲಿ ಸೇರುತ್ತವೆ. ಸಂಗೀತ ಚಿಕಿತ್ಸೆಯ ರಸೀದಿಗೆ ಯಾರಿಗಾದರೂ ಹಣ ಮರಳಿ ಬಂದಿದೆಯೇ? ಬಂದಿದ್ದರೆ ಯಾವ ಯಾವ ಕಾಗದ ಕೊಟ್ಟಿರಿ? ಶನಿವಾರ ಅಥವಾ ಸಂಜೆಯ ಸಮಯವಾದರೆ ನಮಗೆ ಅನುಕೂಲ. ನಂಜನಗೂಡಿನವರೆಗೂ ಹೋಗಿ ಬರಬಲ್ಲೆವು.